ಇಬ್ಬರಿಗೂ 42 | ಹಳೇ ಲೆಕ್ಕದ ಕತೆಗಳು, ಭಾಗ 4

ನಮ್ಮೂರು ಅಬಲೂರು.

ಹೋದ ಸುಗ್ಗಿಯಲ್ಲಿ ಮಾಮಾನ ಗೋವಿನಜೋಳದ ಅಂಗಡಿಯಲ್ಲಿ ನಾನೂ ಅಣ್ಣನೂ ಬಿಲ್ ಬರೀತಿದ್ವಿ. ನಡುವೆ ಒಂದೇ ಲೆಡ್ಜರ್. ಅದರಲ್ಲಿ ಕೊನೇ ನಂಬರ್ 41. ಇಬ್ಬರೂ ಒಟ್ಟಿಗೇ ನೋಡಿದ್ವಿ, ಇಬ್ಬರೂ 42 ಹಾಕಿದ್ವಿ. ಒಬ್ಬ ಅಜ್ಜನ ರೊಕ್ಕ ಇನ್ನೊಬ್ಬರ ಖಾತೆಗೆ ಜಮಾ ಆಯ್ತು. ಪಾಪ, ಸಂಜೆ ತನಕ ಕಟ್ಟೆ ಮೇಲೆ ಕೂತಿದ್ದ.

ನಿಮ್ಮ ಫೋನಿನೊಳಗೂ ಇದೇ ಸಂತೆ ನೋಡ್ರಿ. ಹಲವು ಪ್ರೊಸೆಸರ್‌ಗಳು ಒಂದೇ ಮೆಮೊರಿಯಲ್ಲಿ ಓದಿ ಬರೆಯುತ್ತವೆ. ಅನೇಕ ಪ್ರೊಸೆಸರ್‌ಗಳನ್ನು ಒಂದೇ ಕೆಲಸಕ್ಕೆ ಹೂಡುವ ಯಂತ್ರ ನಮ್ಮ ನಾಡಿಗೂ ಹೊಸದಲ್ಲ. ಬೆಂಗಳೂರಿನ ಎನ್‌ಎಎಲ್ 1986ರಲ್ಲೇ ‘ಫ್ಲೋಸಾಲ್ವರ್’ ಕಟ್ಟಿತ್ತು.

1974ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಬೇಕರಿಯ ಟೋಕನ್ ಥರದ ಉಪಾಯ ಹೇಳಿದರು: ಸಣ್ಣ ನಂಬರಿನವರು ಮೊದಲು. ಇಬ್ಬರಿಗೂ 42 ಬಂದರೆ? ಯಾರ ಗುರುತಿನ ಸಂಖ್ಯೆ ಸಣ್ಣದೋ ಅವರು. ಅಂದರೆ ಗುರುತು ಮೊದಲೇ ಇರಬೇಕು!

ಆ ಗುರುತು ಬರೋದು ಎಲ್ಲಿಂದ? 1990ರಲ್ಲಿ ರಿಚರ್ಡ್ ಲಿಪ್ಟನ್, ಆರ್ವಿನ್ ಪಾರ್ಕ್ ಇದನ್ನೇ ಕೇಳಿದರು. ಎಲ್ಲ ಪ್ರೊಸೆಸರ್ ಒಂದೇ ಥರ, ಪ್ರೋಗ್ರಾಂ ಒಂದೇ, ಮೆಮೊರಿಯಲ್ಲಿ ಮೊದಲೇ ಏನು ಗೀಚಿದೆಯೋ ಗೊತ್ತಿಲ್ಲ. ಓದಿದ್ದು ತಾನೇ ಬರೆದದ್ದೋ ಪಕ್ಕದವನದೋ, ಅದೂ ತಿಳಿಯಲ್ಲ. ಒಂದೇ ನಿಯಮ ಪಾಲಿಸುತ್ತಾ ಒಟ್ಟಿಗೇ ಹೆಜ್ಜೆ ಹಾಕಿದರೆ ಕೊನೆವರೆಗೂ ಅವಳಿಗಳೇ.

ಹಾಗಾಗಿ ಅವರು ಅದೃಷ್ಟದ ಮೊರೆ ಹೋದರು: ನಾಣ್ಯ ಚಿಮ್ಮು. ಇಬ್ಬರಿಗೂ ಒಂದೇ ಬಿದ್ದರೆ ಮತ್ತೆ ಚಿಮ್ಮು. ಹತ್ತು ಸಲವೂ ಒಂದೇ ಬೀಳುವ ಸಾಧ್ಯತೆ 512ರಲ್ಲಿ ಅಲ್ಲ, 1024ರಲ್ಲಿ 1 ಮಾತ್ರ. ಇವತ್ತಿನ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಹಾರ್ಡ್‌ವೇರೇ ನಂಬರ್ ಕೊಟ್ಟುಬಿಡುತ್ತದೆ. ಇಂಟೆಲ್ ಅದನ್ನು ‘ಎಪಿಕ್ ಐಡಿ’ ಅನ್ನುತ್ತದೆ.

ನಮ್ಮೂರಿನ ಲೆಕ್ಕ ಇನ್ನೂ ಬಾಕಿ ಇದೆ. ಸರ್ವಜ್ಞ ಹುಟ್ಟಿದ್ದು ಇಲ್ಲೇ ಅಂತ ನಂಬಿಕೆ. ಬೇರೆಯವರು ಕಟ್ಟಿದ ತ್ರಿಪದಿಗಳೂ ಅವನ ಅಂಕಿತದಲ್ಲೇ ಸೇರಿಕೊಂಡಿವೆ ಅಂತಾರೆ ವಿದ್ವಾಂಸರು. ಜನರ ಬಾಯಿ ಅನ್ನೋ ಮೆಮೊರಿಯಲ್ಲಿ ಎಲ್ಲರಿಗೂ ಒಂದೇ ಐಡಿ. ಉತ್ತಂಗಿ ಚೆನ್ನಪ್ಪನವರು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದರು. ಆದರೂ ಯಾವುದು ಅವನದು, ಯಾವುದು ಅಲ್ಲ, ಪೂರ್ತಿ ಬಿಡಿಸೋದು ಕಷ್ಟ. ಹೆಸರು ಕಳಕೊಂಡ ಆ ಕವಿಗಳೂ ಕಟ್ಟೆ ಮೇಲೆ ಕೂತಿದ್ದಾರೆ ಅನ್ನಿಸುತ್ತೆ.

ನಾವು ಮರುದಿನವೇ ಅಜ್ಜನ ರೊಕ್ಕ ಮುಟ್ಟಿಸಿದ್ವಿ. ಈಗ ಅಣ್ಣನ ಬಿಲ್ಲಿಗೆ ‘ಅ’, ನನ್ನದಕ್ಕೆ ‘ಬ’. ನಾಣ್ಯ ಬೇಕಾಗಲಿಲ್ಲ, ಅವನು ನನಗಿಂತ ಎರಡು ವರ್ಷ ದೊಡ್ಡವ.