ಯಾರಿಗೂ ಬೇಡದ ಮಣ್ಣಿಗೆ ಸುಣ್ಣ ಹಾಕಿದ ಕಥೆ

ಇವತ್ತು ನಿಮ್ಮನ್ನ ಬ್ರೆಜಿಲ್‌ಗೆ ಕರ್ಕೊಂಡು ಹೋಗ್ತೀನಿ. ಅಮೆಜಾನ್ ಕಾಡಿಗಲ್ಲ, ಅದರ ಪಕ್ಕದ 'ಸೆರಾಡೊ' ಅನ್ನೋ ಹುಲ್ಲು, ಕುರುಚಲು ಮರಗಳ ಬಯಲಿಗೆ. ವಿಸ್ತೀರ್ಣ ಸುಮಾರು 20 ಲಕ್ಷ ಚದರ ಕಿಲೋಮೀಟರ್. ಅಂದ್ರೆ ಹತ್ತು ಕರ್ನಾಟಕ ಅದರೊಳಗೆ ಹಿಡಿಸುತ್ತೆ!

ಅಲ್ಲಿ ಮಳೆ ಚೆನ್ನಾಗಿ ಬರುತ್ತೆ, ನೆಲ ಬಹುಪಾಲು ಸಮತಟ್ಟು. ಆದ್ರೂ 1970ರ ದಶಕದ ತನಕ ಹೆಚ್ಚಾಗಿ ದನ ಮೇಯಿಸ್ತಿದ್ರು, ದೊಡ್ಡ ಬೇಸಾಯ ಕಡಿಮೆ. ಸೆರಾಡೊ ಜಮೀನು ಪುಕ್ಕಟೆ ಸಿಕ್ಕಿದ್ರೆ ಅಥವಾ ಅಪ್ಪನಿಂದ ಬಂದ್ರೆ ಸರಿ, ದುಡ್ಡು ಕೊಟ್ಟು ಮಾತ್ರ ತಗೋಬಾರ್ದು ಅನ್ನೋ ಅರ್ಥದ ಗಾದೆಯೇ ಇತ್ತು. ಬಿಕಾಂ ಓದಿದ ನನಗೆ ಕುತೂಹಲ ಹುಟ್ಟಿದ್ದೇ ಇಲ್ಲಿ. ಇಷ್ಟು ದೊಡ್ಡ ಆಸ್ತಿಗೆ ಬೆಲೆ ಯಾಕಿಲ್ಲ?

ಕಾರಣ ಮಣ್ಣಿನ ಹುಳಿ. ಲಕ್ಷಾಂತರ ವರ್ಷಗಳ ಮಳೆ ಮಣ್ಣಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತೊಳೆದುಕೊಂಡು ಹೋಗಿತ್ತು. ಮಣ್ಣಿನ ಪಿಎಚ್ 7 ಇದ್ರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. 6ಕ್ಕಿಂತ 5 ಹತ್ತು ಪಟ್ಟು ಹೆಚ್ಚು ಹುಳಿ. 5.5ಕ್ಕಿಂತ ಕೆಳಗೆ ಇಳಿದ್ರೆ ಮಣ್ಣಲ್ಲಿರೋ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗೆ ವಿಷವಾಗುತ್ತೆ. ಬೇರು ಆಳಕ್ಕೆ ಇಳಿಯಲ್ಲ. ಮಳೆಗಾಲದ ಮಧ್ಯೆ ಎರಡು ವಾರ ಬಿಸಿಲು ಬಿದ್ರೂ ಬೆಳೆ ಒಣಗುತ್ತೆ. ರಂಜಕದ ಗೊಬ್ಬರ ಹಾಕಿದ್ರೂ ಅಷ್ಟೇ, ಅದರಲ್ಲಿ ಬಹುಪಾಲನ್ನ ಮಣ್ಣೇ ಹಿಡಿದಿಟ್ಟುಕೊಳ್ಳುತ್ತೆ.

1950ರ ದಶಕದಲ್ಲಿ ಕಾಲಿನ್ ಮೆಕ್ಲಂಗ್ ಅನ್ನೋ ಅಮೆರಿಕದ ಮಣ್ಣು ವಿಜ್ಞಾನಿ ಅಲ್ಲಿ ಪ್ರಯೋಗ ಶುರು ಮಾಡಿದ್ರು. ಸುಣ್ಣದಕಲ್ಲಿನ ಪುಡಿ, ಜೊತೆಗೆ ಸರಿಯಾದ ಗೊಬ್ಬರ ಕೊಟ್ರೆ ಈ ಮಣ್ಣಲ್ಲೂ ಬೆಳೆ ಬರುತ್ತೆ ಅಂತ ತೋರಿಸಿದ್ರು. 1973ರಲ್ಲಿ ಸರ್ಕಾರ 'ಎಂಬ್ರಾಪಾ' ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ಕಟ್ಟಿತು. 1975ರಲ್ಲಿ ಸೆರಾಡೊಗೇ ಅಂತ ಒಂದು ಕೇಂದ್ರ ಬಂತು. ಅಲ್ಲಿ ಎಡ್ಸನ್ ಲೊಬಾಟೊ ಮಣ್ಣಿನ ಫಲವತ್ತತೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು. ಕೃಷಿ ಮಂತ್ರಿಯಾಗಿದ್ದ ಆಲಿಸನ್ ಪಾವೊಲಿನೆಲಿ ಇದಕ್ಕೆ ಸರ್ಕಾರದ ಬಲ ತಂದ್ರು. ಈ ಮೂವರಿಗೂ 2006ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ಸುಣ್ಣ ಬೇಗ ಆಳಕ್ಕೆ ಇಳಿಯಲ್ಲ, ಮೇಲಿನ ಪದರದಲ್ಲೇ ಹುಳಿ ತೆಗೆಯುತ್ತೆ. ಜಿಪ್ಸಂ ಮಾತ್ರ ನೀರಿನ ಜೊತೆ ಕೆಳಗಿಳಿದು ಆಳದ ಬೇರಿಗೆ ಕ್ಯಾಲ್ಸಿಯಂ ಮುಟ್ಟಿಸುತ್ತೆ. ಎರಡೂ ಸೇರಿದಾಗ ದಾರಿ ಸಿಕ್ಕಿತು. ಇದರ ಜೊತೆ ಅಲ್ಲಿನ ಹವೆಗೆ ಹೊಂದೋ ಸೋಯಾ ತಳಿಗಳು ಬಂದವು. ಇವತ್ತು ಜಗತ್ತಿಗೆ ಅತಿ ಹೆಚ್ಚು ಸೋಯಾ ಮಾರೋ ದೇಶ ಬ್ರೆಜಿಲ್.

ಇಲ್ಲಿಗೆ ಕಥೆ ಮುಗಿಸಿದ್ರೆ ಲೆಕ್ಕದ ಒಂದೇ ಕಡೆ ಓದಿದ ಹಾಗೆ. ಸೆರಾಡೊದ ಮೂಲ ಸಸ್ಯಸಂಪತ್ತಿನಲ್ಲಿ ಸರಿಸುಮಾರು ಅರ್ಧ ಇವತ್ತು ಇಲ್ಲ. ಸಾವೊ ಫ್ರಾನ್ಸಿಸ್ಕೊ ತರದ ದೊಡ್ಡ ನದಿಗಳು ಹುಟ್ಟೋದೇ ಈ ಬಯಲಲ್ಲಿ. ಶವಾಂತೆ ಮುಂತಾದ ಮೂಲನಿವಾಸಿಗಳು ಮೊದಲಿಂದ ಬದುಕಿದ್ದ ನೆಲವೂ ಇದೇ. ಯೋಜನೆ ಶುರುವಾದಾಗ ದೇಶದಲ್ಲಿ ಸೇನೆಯ ಆಡಳಿತ, ಅವರನ್ನ ಕೇಳೋರು ಯಾರು? ಪೈರಿಗೆ ಒಗ್ಗದ ಮಣ್ಣನ್ನ ಖಾಲಿ ನೆಲ ಅಂತ ಬರೆದುಕೊಂಡಿದ್ದಕ್ಕೇ ಈ ಖರ್ಚು ಯಾವ ಪುಸ್ತಕದಲ್ಲೂ ಏರಲಿಲ್ಲ.

ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣೂ ಹುಳಿಯೇ, ಕಾರಣವೂ ಅದೇ ಜೋರು ಮಳೆ. ನಿಮ್ಮ ಮನೆಯ ತೋಟ ಆ ಕಡೆ ಇದ್ರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಎಷ್ಟು ಸುಣ್ಣ ಬೇಕು ಅಂತ ಆಮೇಲೆ ನೋಡಿ. ಹೆಚ್ಚಾದ್ರೆ ಸತು, ಕಬ್ಬಿಣದಂಥ ಪೋಷಕಾಂಶ ಗಿಡಕ್ಕೆ ಸಿಗಲ್ಲ. ಆಗಲೇ ಬೆಳೆ ಇರೋ ಜಮೀನನ್ನ ಸರಿ ಮಾಡ್ಕೊಳ್ಳೋದಕ್ಕೆ ಹೊಸ ಕಾಡು ಕಡಿಯೋ ಅಗತ್ಯ ಇಲ್ಲ. ಮುಂದಿನ ವಾರ ಸಿಗೋಣ.