ಲಂಡನ್ನಿನಿಂದ ಏಥೆನ್ಸಿಗೆ: ದೂರ ಒಂದೇ, ಹೊತ್ತು ಬೇರೆ

ಮಕ್ಕಳ ಓದಿಗೆಂದು ತಂದ ಭೂಗೋಳವೊಂದು ನಿಮ್ಮ ಮನೆಯಲ್ಲಿದ್ದರೆ, ಅದರ ಮೇಲೆ ಲಂಡನ್ನಿನಿಂದ ಏಥೆನ್ಸಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಆ ದಾರ ತೋರಿಸುವ ದೂರ ಸುಮಾರು 2,400 ಕಿಲೋಮೀಟರು. ಇಂದಿನ ಜೆಟ್ ವಿಮಾನಕ್ಕೆ ಅದು ಹೆಚ್ಚು ಕಡಿಮೆ ನಾಲ್ಕು ಗಂಟೆಯ ದಾರಿ. ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ತಿಳಿಯುತ್ತದೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಈ ದಾರಿಯ ಚರಿತ್ರೆ ಮಾತ್ರ ಆ ಲೆಕ್ಕಕ್ಕೆ ಒಗ್ಗುವುದಿಲ್ಲ.

1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಕಂಪೆನಿಯು ಲಂಡನ್ನಿನಿಂದ ಕರಾಚಿಗೆ ವಿಮಾನ ಸಂಚಾರವನ್ನು ಆರಂಭಿಸಿತು. ಏಥೆನ್ಸು ಆ ದಾರಿಯ ಒಂದು ನಿಲ್ದಾಣ. ಅಂದಿನ ವಿಮಾನಗಳ ವೇಗ ಗಂಟೆಗೆ ಸುಮಾರು 150 ಕಿಲೋಮೀಟರು. ಶಾಲೆಯ ಲೆಕ್ಕದಂತೆ ಏಥೆನ್ಸಿಗೆ 16 ಗಂಟೆ ಸಾಕು. ಆದರೆ ಕ್ರಾಯ್ಡನ್ನಿನಲ್ಲಿ ವಿಮಾನ ಹತ್ತಿದ ಪ್ರಯಾಣಿಕನು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಇಳಿಯಬೇಕಾಗಿತ್ತು. ಮುಂದೆ ಆಲ್ಪ್ಸ್ ಪರ್ವತ. ಅದನ್ನು ರೈಲಿನಲ್ಲಿ ದಾಟಿ ಇಟಲಿಯ ಜಿನೋವಾ ಸೇರಿ, ಅಲ್ಲಿ ನೀರಿನಿಂದಲೇ ಏರಿ ನೀರಿಗೇ ಇಳಿಯುವ ಜಲವಿಮಾನವನ್ನು ಹತ್ತಿ, ರೋಮ್, ನೇಪಲ್ಸ್, ಕಾರ್ಫುಗಳನ್ನು ಮುಟ್ಟಿ ಏಥೆನ್ಸಿಗೆ ಬರಬೇಕು. ಗಂಟೆಗಳ ದಾರಿ ದಿನಗಳದಾಯಿತು. ಕರಾಚಿ ಸೇರುವಾಗ ಏಳು ದಿನ ಕಳೆದಿರುತ್ತಿದ್ದವು.

ಸಮುದ್ರವೂ ತನ್ನ ಪಾಲನ್ನು ಕೇಳಿತು. ಅದೇ ವರ್ಷದ ಅಕ್ಟೋಬರ್ 26ರಂದು 'ಸಿಟಿ ಆಫ್ ರೋಮ್' ಎಂಬ ಜಲವಿಮಾನವು ಬಿರುಗಾಳಿಗೆ ಸಿಕ್ಕಿ ಇಟಲಿಯ ಸ್ಪೆಝಿಯಾ ಬಳಿ ನೀರಿಗಿಳಿದು ಮುಳುಗಿತು. ಅದರಲ್ಲಿದ್ದ ಏಳು ಮಂದಿಯೂ ಮಡಿದರು.

ಬೆಟ್ಟ, ಬಿರುಗಾಳಿಗಳ ಜೊತೆಗೆ ಸರ್ಕಾರಗಳ ಅಪ್ಪಣೆಯೂ ಬೇಕಾಗಿತ್ತು. ಇಟಲಿಯ ನಿರ್ಬಂಧದಿಂದಾಗಿ ಮುಂದೆ ಕೆಲವು ವರ್ಷ 'ವಿಮಾನ'ದ ಪ್ರಯಾಣಿಕರು ಪ್ಯಾರಿಸ್ಸಿನಿಂದ ಬ್ರಿಂಡಿಸಿಯವರೆಗೆ ರೈಲಿನಲ್ಲೇ ಹೋದರು!

ಈ ಕಷ್ಟದ ದಾರಿಯ ಕೊನೆಯ ಕವಲೊಂದು ನಮ್ಮ ನಾಡಿಗೂ ಬಂತು. 1932ರ ಅಕ್ಟೋಬರ್ 15ರಂದು ಕರಾಚಿಯಲ್ಲಿ ಟಪ್ಪಾಲನ್ನು ವಹಿಸಿಕೊಂಡ ಜೆ. ಆರ್. ಡಿ. ಟಾಟಾ ಅವರು ಅಹಮದಾಬಾದಿನ ಮೇಲೆ ಮುಂಬಯಿಗೆ ಹಾರಿ ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು.

1937ರ ಹೊತ್ತಿಗೆ ದೊಡ್ಡ ಜಲವಿಮಾನಗಳು ಬಂದು ನಡುವಣ ರೈಲು ತಪ್ಪಿತು. ದಾರಿ ಸುಗಮವಾಯಿತೆನ್ನುವಷ್ಟರಲ್ಲಿ, 1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿಯಿತು. ಮೆಡಿಟರೇನಿಯನ್ನಿನ ವಿಮಾನಮಾರ್ಗ ಮುಚ್ಚಿತು. ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಕಾಗದಗಳು ಹಡಗಿನಲ್ಲಿ ಆಫ್ರಿಕವನ್ನು ಬಳಸಿ ಡರ್ಬನ್ನಿಗೆ ಬಂದು, ಅಲ್ಲಿ ವಿಮಾನ ಹತ್ತಬೇಕಾಯಿತು.

ಈಗ ನಿಮ್ಮ ಭೂಗೋಳದ ಮೇಲಿನ ದಾರವನ್ನು ಇನ್ನೊಮ್ಮೆ ನೋಡಿ. 1929ರಲ್ಲಿಯೂ, 1940ರಲ್ಲಿಯೂ, ಇಂದಿಗೂ ಅದರ ಉದ್ದ ಒಂದೇ. ದೂರವನ್ನು ಭೂಮಿ ಗೊತ್ತುಮಾಡಿದೆ. ಹೊತ್ತನ್ನು ಗೊತ್ತುಮಾಡುವುದರಲ್ಲಿ ಯಂತ್ರಕ್ಕೆ ಎಷ್ಟು ಪಾಲುಂಟೋ, ನೆರೆಹೊರೆಯ ದೇಶಗಳ ಸ್ನೇಹಕ್ಕೂ ಅಷ್ಟೇ ಪಾಲುಂಟು. ನಾಲ್ಕು ಗಂಟೆಯ ಆ ಪ್ರಯಾಣ ಶಾಂತಿಯ ಕೊಡುಗೆಯೂ ಹೌದು.