ಲೇಪದ ತೂಕವಲ್ಲ, ಲೇಪದ ಕೆಲಸ: ಹೆಪಾರಿನ್ ಹಚ್ಚಿದ ಪ್ಲಾಸ್ಟಿಕ್ ಮತ್ತು ರಕ್ತದ ಹೆಪ್ಪುಗಟ್ಟುವಿಕೆ

ಹೃದಯ-ಶ್ವಾಸಕೋಶ ಯಂತ್ರದ ಪಿವಿಸಿ ನಳಿಕೆಯಲ್ಲಿ ರಕ್ತ ಹರಿಯತೊಡಗಿದ ಸೆಕೆಂಡುಗಳಲ್ಲೇ ಪ್ಲಾಸ್ಮಾದ ಪ್ರೋಟೀನುಗಳು ಅದರ ಒಳಮೈಗೆ ಅಂಟಿಕೊಳ್ಳುತ್ತವೆ. ಆಮೇಲೆ ಬರುವ ಪ್ಲೇಟ್‌ಲೆಟ್‌ಗಳಿಗೆ ಎದುರಾಗುವುದು ಪ್ಲಾಸ್ಟಿಕ್ ಅಲ್ಲ, ಈ ಪದರ. ಅದೂ ನಿಂತಲ್ಲಿ ನಿಲ್ಲುವುದಿಲ್ಲ. ಮೊದಲು ಕೂತ ಫೈಬ್ರಿನೊಜನ್ನನ್ನು ಬೇರೆ ಪ್ರೋಟೀನುಗಳು ಸರಿಸಿ ಜಾಗ ಹಿಡಿಯುವುದನ್ನು ಲಿಯೋ ವ್ರೋಮನ್ 1960ರ ದಶಕದಲ್ಲಿ ಗುರುತಿಸಿದರು. ಎಲ್ಲವನ್ನೂ ಪ್ರೋಟೀನು ಮುಚ್ಚುವುದಾದರೆ ಲೇಪದಿಂದೇನು ಪ್ರಯೋಜನ ಎಂಬ ಆಕ್ಷೇಪ ಹುಟ್ಟುವುದು ಇಲ್ಲಿಯೇ. ಪ್ಲಾಸ್ಟಿಕ್ಕನ್ನು ಮರೆಮಾಡುವುದಷ್ಟೇ ಲೇಪದ ಕೆಲಸವೆಂದು ತಿಳಿದರೆ ಆಕ್ಷೇಪ ಸರಿಯೇ. ಆದರೆ ಒಳ್ಳೆಯ ಲೇಪ ರಕ್ತದೊಡನೆ ವ್ಯವಹರಿಸುತ್ತದೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ನಿನ ಚರಿತ್ರೆ ಇದಕ್ಕೆ ಸಾಕ್ಷಿ. 1963ರಲ್ಲಿ ವಿನ್ಸೆಂಟ್ ಗಾಟ್ ಮತ್ತು ಸಂಗಡಿಗರು ಗ್ರಾಫೈಟ್ ಪದರಕ್ಕೆ ಬೆಂಜಾಲ್ಕೋನಿಯಂ ಮೂಲಕ ಹೆಪಾರಿನ್ ಕಟ್ಟಿದರು. ಆ ಬಂಧ ವಿದ್ಯುದಾವೇಶದ್ದು. ಅಂಥ ಬಂಧದಿಂದ ಹೆಪಾರಿನ್ ಮೆಲ್ಲಗೆ ರಕ್ತಕ್ಕೆ ಸೋರುತ್ತದೆ. 1983ರಲ್ಲಿ ಸ್ವೀಡನ್ನಿನ ಲಾರ್ಮ್, ಲಾರ್ಸನ್ ಮತ್ತು ಓಲ್ಸನ್ ಹೆಪಾರಿನ್ ಸರಪಳಿಯನ್ನು ಒಂದೇ ತುದಿಯಲ್ಲಿ ರಾಸಾಯನಿಕವಾಗಿ ಬಿಗಿದು, ಉಳಿದ ಭಾಗವನ್ನು ರಕ್ತದಲ್ಲಿ ಸಡಿಲವಾಗಿ ಬಿಡುವ ವಿಧಾನ ಪ್ರಕಟಿಸಿದರು. ಸಡಿಲವಾಗಿರಬೇಕಾದದ್ದೇಕೆ? ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ನನ್ನು ಹೆಪಾರಿನ್ ತಾನಾಗಿ ತಡೆಯುವುದಿಲ್ಲ. ಐದು ಸಕ್ಕರೆ ಘಟಕಗಳ ಒಂದು ನಿರ್ದಿಷ್ಟ ಜೋಡಣೆಯಿಂದ ರಕ್ತದಲ್ಲಿನ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಹಿಡಿದು, ಅದರ ಮೂಲಕ ತಡೆ ಒಡ್ಡುತ್ತದೆ. ಥ್ರಾಂಬಿನ್ ಸೆರೆಯಾದೊಡನೆ ಎರಡನ್ನೂ ಬಿಟ್ಟುಕೊಟ್ಟು ಮುಂದಿನ ಸರದಿಗೆ ಸಿದ್ಧವಾಗುತ್ತದೆ. ಸಾಮಾನ್ಯ ಹೆಪಾರಿನ್ನಿನಲ್ಲಿ ಈ ಜೋಡಣೆ ಇರುವುದು ಸುಮಾರು ಮೂರನೇ ಒಂದು ಭಾಗ ಸರಪಳಿಗಳಲ್ಲಿ ಮಾತ್ರ. ಹಾಗಾಗಿ ಚದರ ಸೆಂಟಿಮೀಟರಿಗೆ ಎಷ್ಟು ಮೈಕ್ರೋಗ್ರಾಂ ಹೆಪಾರಿನ್ ಎಂಬ ಲೆಕ್ಕ ಏನನ್ನೂ ಖಚಿತಪಡಿಸುವುದಿಲ್ಲ. ಆಂಟಿಥ್ರಾಂಬಿನ್ ಹಿಡಿಯಬಲ್ಲ ತಾಣಗಳ ಸಾಂದ್ರತೆಯೇ ನಿಜವಾದ ಅಳತೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಮೇಲ್ಮೈಯ ಸ್ಪರ್ಶದಿಂದ ಜಾಗೃತವಾಗುವ, ಹೆಪ್ಪುಗಟ್ಟುವಿಕೆಯ ಹನ್ನೆರಡನೇ ಘಟಕ (ಫ್ಯಾಕ್ಟರ್ XII) ಹುಟ್ಟಿನಿಂದಲೇ ಇಲ್ಲದವರಿಗೂ ಅತಿ ರಕ್ತಸ್ರಾವದ ತೊಂದರೆಯಿಲ್ಲ. ಹಾಗಿದ್ದರೆ ಮೇಲ್ಮೈ ಸ್ಪರ್ಶದಿಂದ ಹೆಪ್ಪುಗಟ್ಟುವಿಕೆ ಶುರುವಾಗುವ ಆ ಮಾರ್ಗಕ್ಕೆ ಮಹತ್ವವೇನು? ನನ್ನ ದೃಷ್ಟಿಯಲ್ಲಿ ಇದು ಲೇಪದ ಪರವಾದ ವಾದ. ಗಾಯ ಮುಚ್ಚಲು ಬೇಡದ ಮಾರ್ಗವನ್ನು ನಳಿಕೆಯ ಮೈಯಲ್ಲೇ ಅಡ್ಡಗಟ್ಟಿದರೆ ರೋಗಿಯ ಸಹಜ ರಕ್ಷಣೆಗೆ ಧಕ್ಕೆಯಿಲ್ಲ. ಲೇಪಕ್ಕೆ ನಿಲುಕದ್ದೂ ಇದೆ. ಶಸ್ತ್ರಚಿಕಿತ್ಸೆಯ ಗಾಯದಿಂದ ಬರುವ ಟಿಶ್ಯೂ ಫ್ಯಾಕ್ಟರ್ ಥ್ರಾಂಬಿನ್ನನ್ನು ಬೇರೆ ದಾರಿಯಲ್ಲಿ ಹುಟ್ಟಿಸುತ್ತದೆ. ರಕ್ತ ನಿಂತುಹೋಗುವ ಸಂದುಗಳ ಅಪಾಯ ಬೇರೆ. ಆದ್ದರಿಂದಲೇ ಲೇಪಿತ ನಳಿಕೆ ಬಳಸುವ ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲೂ ರೋಗಿಗೆ ಹೆಪಾರಿನ್ ಚುಚ್ಚುಮದ್ದು ಕೊಡಲಾಗುತ್ತದೆ.